ಗುರುಗುಂಟಾದಲ್ಲಿ ವೋಟು ಕೇಳಿದ ಕಾಕಾ

ಮಾತಾಡುವಾಗಲೆಲ್ಲ ಕಾಕಾ ಎಡಗೈಯನ್ನು ಎಡಗಿವಿಯ ಮೇಲೆ ಬಟ್ಟಲಿನ ಹಾಗೆ ಮುಚ್ಚಿಕೊಳ್ಳುತ್ತಿದ್ದ. ಮೈಕಿನ ಮುಂದೆ ಮಾತ್ರವಲ್ಲ, ಹೆಂಡತಿಗೆ ಚಹಾ ಕೇಳುವಾಗಲೂ, ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕೊಳ್ಳುವಾಗಲೂ ಆ ಕೈ ತಾನಾಗಿ ಮೇಲೇರುತ್ತಿತ್ತು. ಬಲಗೈ ಮುಷ್ಟಿಯಾಗಿ ಬಾಯಿಯ ಮುಂದೆ ಬರುತ್ತಿತ್ತು, ಅದರಲ್ಲಿ ಮೈಕು ಇರಲಿ ಬಿಡಲಿ. ಕುತ್ತಿಗೆಯ ಬಲಕ್ಕಿದ್ದ ಒಂದು ನರ ಹಗ್ಗದ ಹಾಗೆ ಉಬ್ಬುತ್ತಿತ್ತು. ಅಂಗಿಯ ಕಿಸೆಯಲ್ಲಿ ಸದಾ ಒಂದು ಜ್ಯೇಷ್ಠಮಧುವಿನ ಕಡ್ಡಿ, ಒಂದಿಷ್ಟು ಲವಂಗ. ಅವನ ಪಕ್ಕ ಕೂತವರ ಬಟ್ಟೆಗೂ ಲವಂಗದ ವಾಸನೆ ಹತ್ತುತ್ತಿತ್ತು.

ಮಸ್ಕಿಯಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ರಕ್ತಸಂಬಂಧದ ಕಾಕಾ ಅಲ್ಲ, ಆದರೆ ಊರಿಗೆ ಊರೇ ಅವನನ್ನು ಮೈಕಿನ ಕಾಕಾ ಎನ್ನುತ್ತಿತ್ತು. ಏಕವಚನದಲ್ಲಿ ಬರೆಯುತ್ತಿದ್ದೇನೆ ಎಂದು ಯಾರೂ ಬೇಸರಿಸಬಾರದು. ನಮ್ಮ ಕಡೆ ಹತ್ತಿರದವರಿಗೆ ಬಹುವಚನ ಹಚ್ಚಿದರೆ, ನಾನೇನು ತಪ್ಪು ಮಾಡಿದೆನಪ್ಪಾ ಎಂದು ಅವರೇ ಗಾಬರಿಯಾಗುತ್ತಾರೆ.

ಕಾಕಾನ ಉದ್ಯೋಗವೆಂದರೆ ಕೂಗುವುದು. ಯಾರದೋ ಆಡು ಕಳೆದರೆ ಕಾಕಾ ಬೇಕು, ನಾಳೆ ಕರೆಂಟು ಇರುವುದಿಲ್ಲ ಎಂದು ಹೇಳಲು ಕಾಕಾ ಬೇಕು, ಕಣ್ಣಿನ ತಪಾಸಣೆಗೆ ಡಾಕ್ಟರು ಬಂದರೂ ಕಾಕಾ ಬೇಕು. ಆದರೆ ಅವನ ನಿಜವಾದ ಸುಗ್ಗಿ ಎಂದರೆ ಚುನಾವಣೆ. ಒಂದು ಸಲ ಒಂದು ಪಕ್ಷದ ಜೀಪು ಹತ್ತಿದರೆ ಮುಂದಿನ ಸಲ ಇನ್ನೊಂದರದು. ಯಾರು ಮೊದಲು ಬಂದು ಕರೆದರೋ ಅವರ ಜೀಪು. ಚಹಾದಂಗಡಿಯಲ್ಲಿ ಒಬ್ಬರು ಇದನ್ನೇ ಹಿಡಿದು ಕೆಣಕಿದ್ದರು.

"ಏನೋ ಕಾಕಾ, ಹ್ವಾದ ಸಲ ಇವರನ್ನ ಸೋಲಸ್ರಿ ಅಂತ ಕೂಗಿದ್ದಿ, ಈ ಸಲ ಇವರನ್ನ ಗೆಲಸ್ರಿ ಅಂತೀದಿ?"

"ನಾ ಯಾವತ್ತೂ ಯಾರನ್ನೂ ಸೋಲಸ್ರಿ ಅಂದಿಲ್ಲ," ಎಂದ ಕಾಕಾ, ಕೈ ಕಿವಿಗೆ ಏರಿಸಿ. "ಗೆಲಸ್ರಿ ಅಂತಷ್ಟ ಅಂದೀನಿ. ಬೇಕಾದ್ರ ಊರಾಗ ಯಾರನ್ನರ ಕೇಳು."

ಅದು ನಿಜವಾಗಿತ್ತು. ಎದುರಾಳಿಯ ಹೆಸರನ್ನು ಅವನು ಮೈಕಿನಲ್ಲಿ ಎತ್ತುತ್ತಿರಲಿಲ್ಲ. ಬೈದು ಹೇಳು ಎಂದು ಮುಖಂಡರು ಒತ್ತಾಯ ಮಾಡಿದರೆ ಗಂಟಲು ಕಟ್ಟಿದೆ ಎಂದು ಬಿಸಿನೀರು ಕೇಳುತ್ತ ಕೂತುಬಿಡುತ್ತಿದ್ದ. ಇನ್ನೊಂದು ಪದ್ಧತಿ ಇತ್ತು. ಊರ ಬಾಯಿಗೆ ಬಂದ ಕೂಡಲೇ ಜೀಪು ನಿಲ್ಲಿಸಿ, ಎದುರು ಸಿಕ್ಕವರನ್ನು "ಊರಾಗ ಯಾರರ ತೀರ್ಕೊಂಡಾರೇನ್ರಿ?" ಎಂದು ಕೇಳುತ್ತಿದ್ದ. ಸಾವಾದ ಓಣಿ ಬಂದರೆ ಮೈಕು ಬಂದ್. ಆ ಮನೆಯ ಮುಂದೆ ಎಂಜಿನ್ನಿನ ಸದ್ದೂ ಜಾಸ್ತಿಯಾಗದ ಹಾಗೆ ಜೀಪು ದಾಟಿಸಬೇಕು. ಆ ಜೀಪು ದಾಟಿಸುತ್ತಿದ್ದವನು ನಾನು.

ಬಿ.ಎ. ಮುಗಿಸಿ ನೌಕರಿಯಿಲ್ಲದೆ ಕೂತಿದ್ದ ಕಾಲ ಅದು. ನಮ್ಮ ಸೋದರಮಾವನ ಹಳೆಯ ಜೀಪೊಂದಿತ್ತು. ಚುನಾವಣೆ ಬಂದಾಗ ಅದಕ್ಕೆ ಮೈಕಿನ ಹಾರ್ನು ಕಟ್ಟಿ, ಬ್ಯಾಟರಿ ಏರಿಸಿ, ನನ್ನನ್ನು ಡ್ರೈವರ್ ಮಾಡಿ ಕಾಕಾನ ಜೊತೆ ಅಟ್ಟಿದರು. ನನಗೆ ಅದರಲ್ಲಿ ಬಹಳ ಖುಷಿಯೂ ಇತ್ತು. ನಾನಾಗ ಮಾತಿಗೆ ಹೆದರುವ ಮನುಷ್ಯ. ನಾಲ್ಕು ಜನ ನೋಡುತ್ತಿದ್ದಾರೆ ಎಂದರೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಪಕ್ಕದಲ್ಲಿ ಕಾಕಾ ಇದ್ದರೆ ಇಡೀ ದಿನ ನಾನು ಬಾಯಿ ತೆರೆಯುವ ಅಗತ್ಯವೇ ಬರುತ್ತಿರಲಿಲ್ಲ.

ಆಗ ಸಿಂಧನೂರು, ಮಸ್ಕಿ, ಲಿಂಗಸುಗೂರು ಎಲ್ಲ ಒಂದೇ ಪಾರ್ಲಿಮೆಂಟು ಕ್ಷೇತ್ರ, ಕೊಪ್ಪಳದ್ದು. ಮಸ್ಕಿ ಇನ್ನೂ ಲಿಂಗಸುಗೂರು ತಾಲೂಕಿನ ಒಂದು ಊರು. ಒಂದೇ ಹೆಸರು, ಒಂದೇ ಚಿಹ್ನೆ ಕೂಗುತ್ತ ಈ ಕಾಲುವೆ ಸೀಮೆಯ ಭತ್ತದ ಗದ್ದೆಗಳಿಂದ ಆ ತುದಿಯ ಸಜ್ಜೆ ಹೊಲಗಳ ತನಕ ಹೋಗಬಹುದಿತ್ತು. ಆ ತುದಿಯಲ್ಲಿ ಗುರುಗುಂಟಾ ಇತ್ತು. ಗುರುಗುಂಟಾದಲ್ಲಿ ಕಾಕಾನ ಅಕ್ಕ ಇದ್ದಳು.

ಈ ಅಕ್ಕನ ಕಥೆಯನ್ನು ಮೊದಲು ಹೇಳಬೇಕು. ನಮ್ಮಲ್ಲಿ ತಮ್ಮನ ಮಗಳ ಮೇಲೆ ಮೊದಲ ಹಕ್ಕು ಅಕ್ಕನ ಮಗನದು. ಕಾಕಾನಿಗೆ ಇದ್ದವಳು ಒಬ್ಬಳೇ ಮಗಳು. ತೊಟ್ಟಿಲಲ್ಲಿದ್ದಾಗಲೇ ಅಕ್ಕ ಅವಳ ಹಣೆಗೆ ಕುಂಕುಮವಿಟ್ಟು "ಇಕಿ ನನ್ನ ಸೊಸಿ" ಎಂದಿದ್ದಳಂತೆ. ಹುಡುಗಿ ದೊಡ್ಡವಳಾಗಿ ನರ್ಸ್ ಕಲಿಯುತ್ತೇನೆ ಎಂದಳು, ಹೆಗಲ ಮೇಲೆ ಹೊತ್ತು ಆಡಿಸಿದವನು ನನಗೆ ಅಣ್ಣನಾಗಬಹುದೇ ಹೊರತು ಗಂಡನಾಗಲಾರ ಎಂದಳು. ಕಾಕಾ ಮಗಳ ಮಾತಿಗೆ ನಿಂತ. ಅಕ್ಕನಿಗೆ ಅದು ಉರಿಯಿತು.

"ತವರಮನಿ ಬಾಗಲಾನ ಮುಚ್ಚಿದೆಲ್ಲೋ ನೀ. ಇನ್ಮುಂದ ನನ್ನ ಹೊಸ್ತಲಾ ತುಳೀಬ್ಯಾಡ," ಎಂದಳಂತೆ ಅಕ್ಕ.

"ನೀನ ಕರಿಯೂ ತನಕಾ ತುಳಿಯಂಗಿಲ್ಲ. ತಮ್ಮ ಅಂತ ನಿನ್ನ ಕೂಡ ಮಾತೂ ಆಡಂಗಿಲ್ಲ. ಅಮರಪ್ಪನ ಆಣಿ," ಎಂದು ಎದ್ದು ಬಂದನಂತೆ ಕಾಕಾ. ಅಮರಪ್ಪ ಎಂದರೆ ಗುರುಗುಂಟಾದ ಅಮರೇಶ್ವರ ದೇವರು. ಇಬ್ಬರೂ ಆಣೆ ಇಟ್ಟದ್ದು ಆ ದೇವರ ಮೇಲೆಯೇ.

ಆಮೇಲೆ ಮಗಳಿಗೆ ಒಳ್ಳೆಯ ಕಡೆ ಲಗ್ನವಾಯಿತು. ಅಕ್ಕನ ಮಗನಿಗೂ ಚೊಲೋ ಹುಡುಗಿ ಸಿಕ್ಕಳು. ಎರಡೂ ಕಡೆ ಮಕ್ಕಳಾಗಿ, ಅವು ಶಾಲೆಗೂ ಹೋದವು. ಮುನಿಸಿಗೆ ಇದ್ದ ಕಾರಣ ಎಂದೋ ಮುಗಿದಿತ್ತು. ಮುನಿಸು ಮಾತ್ರ ಹಾಗೇ ಕೂತಿತ್ತು, ಆಣೆ ಇಟ್ಟದ್ದಕ್ಕೆ. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಹಟದಲ್ಲಿ ಒಬ್ಬರನ್ನೊಬ್ಬರು ಮೀರಿಸುವವರು.

ಇದೆಲ್ಲ ಗೊತ್ತಿಲ್ಲದೆ ನಾನು ಮೊದಲ ಸಲ ಜೀಪನ್ನು ಗುರುಗುಂಟಾಕ್ಕೆ ಒಯ್ದಿದ್ದೆ. ಊರೊಳಗೆ ಒಂದು ನೀಲಿ ಬಾಗಿಲಿನ ಮನೆ ಬಂದಾಗ ಕಾಕಾ "ನಿಂದ್ರಸು" ಎಂದ. ಲವಂಗವೊಂದನ್ನು ಬಾಯಿಗೆ ಹಾಕಿಕೊಂಡ. ಗಂಟಲು ಸರಿ ಮಾಡಿಕೊಂಡು ಶುರು ಮಾಡಿದ:

"ನೀಲಿ ಬಾಗಿಲಿನ ಮನೆಯ ಹಿರಿಯ ತಾಯಂದಿರೇ! ಮೊಣಕಾಲಿನ ನೋವು ಹೇಗಿದೆ ತಾಯಂದಿರೇ? ಮತಗಟ್ಟೆಗೆ ನಡೆದು ಹೋಗಬೇಡಿರಿ, ಮಗನ ಸೈಕಲ್ ಮೋಟಾರಿನ ಮೇಲೆ ಕೂತು ಹೋಗಿರಿ. ಬಿಸಿಲಿಗೆ ತಲೆಯ ಮೇಲೆ ಸೆರಗು ಹೊದ್ದುಕೊಳ್ಳಿರಿ. ನಿಮ್ಮ ಅಮೂಲ್ಯವಾದ ಮತವನ್ನು..."

ಬಾಗಿಲಿಗೆ ಒಬ್ಬ ಎತ್ತರದ ಮುದುಕಿ ಬಂದು ನಿಂತಳು. ಕಾಕಾನದೇ ಮೂಗು, ಕಾಕಾನದೇ ಹಣೆ. ಅವನ ಕಡೆ ನೋಡದೆ ನೇರ ನನ್ನ ಹತ್ತಿರ ಬಂದಳು.

"ಏನಪಾ ಡ್ರೈವರ, ನಿನ್ನ ಮೈಕಿನಾವಗ ಹೇಳು, ಮೊಣಕಾಲು ಚೊಲೋ ಅದಾವಂತ. ಅವನ ಎದಿ ಸುಡೂದು ಹೆಂಗೈತಿ ಕೇಳು. ಖಾರ ತಿನ್ನೂದು ಬಿಟ್ಟಾನೋ ಇಲ್ಲೋ ಕೇಳು."

ನಾನು ಬಾಯಿ ತೆರೆಯುವುದರೊಳಗೆ ಹಾರ್ನಿನಿಂದ ಉತ್ತರ ಬಂತು: "ನಮ್ಮ ಅಭ್ಯರ್ಥಿಯ ಕಾರ್ಯಕರ್ತರು ಖಾರವನ್ನು ಕಡಿಮೆ ಮಾಡಿದ್ದಾರೆ ಎಂದು ತಿಳಿಸಲು ಹರ್ಷಿಸುತ್ತೇವೆ!"

ಓಣಿಯ ಜನ ಮುಸಿಮುಸಿ ನಗುತ್ತಿದ್ದರು. ಅವರಿಗೆ ಇದು ಪ್ರತಿ ಚುನಾವಣೆಯ ತಮಾಷೆ. ಮುದುಕಿ ಒಂದು ತಂಬಿಗೆ ನೀರು ತಂದು ನನ್ನ ಕೈಗೆ ಕೊಟ್ಟಳು, ಒಂದು ಗಂಟನ್ನೂ ಕೊಟ್ಟಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ. "ಡ್ರೈವರಗ ಕೊಟ್ಟೀನಿ. ಬ್ಯಾರೇದಾವ್ರು ತಿಂದ್ರ ನಾ ಏನ್ ಮಾಡಲಿ?" ಎಂದು ಒಳಗೆ ಹೋದಳು. ಊರು ದಾಟಿದ ಮೇಲೆ ಬೇವಿನ ಮರದಡಿ ಜೀಪು ನಿಲ್ಲಿಸಿ ಉಂಡೆವು. ಕಾಕಾ ಹಿಂಡಿಯನ್ನು ಬೆರಳಿಗೆ ಹಚ್ಚಿ ನೆಕ್ಕಿ, "ನಮ್ಮವ್ವನ ಕೈಯಿನ ರುಚಿ," ಎಂದ.

"ಮತ್ತ ಒಳಗ ಹೋಗಬೇಕಿಲ್ಲೇನು ಕಾಕಾ?" ಎಂದು ನಾನು ಕೇಳಿದೆ.

"ಕಾಲಿಗೆ ನೀರು ಕೊಟ್ಲೇನು?" ಎಂದ.

ನಮ್ಮ ಕಡೆ ಕುಡಿಯಲು ನೀರು ಕೊಡುವುದು ಬೇರೆ, ಕಾಲಿಗೆ ನೀರು ಕೊಡುವುದು ಬೇರೆ. ಕುಡಿಯುವ ನೀರನ್ನು ದಾರಿಹೋಕನಿಗೂ ಕೊಡುತ್ತೇವೆ. ಕಾಲಿಗೆ ನೀರು ಕೊಟ್ಟರೆ ಒಳಗೆ ಬಾ, ಕೂಡು, ಉಣ್ಣು, ನೀನು ಈ ಮನೆಯವನು ಎಂದು ಕರೆದ ಹಾಗೆ. ಅಕ್ಕ ಪ್ರತಿ ಚುನಾವಣೆಯಲ್ಲೂ ಒಂದೇ ತಂಬಿಗೆ ತರುತ್ತಿದ್ದಳು. ಕಾಕಾ ಪ್ರತಿ ಚುನಾವಣೆಯಲ್ಲೂ ಎರಡನೆಯದಕ್ಕಾಗಿ ಬಾಗಿಲು ನೋಡುತ್ತಿದ್ದ. ವೋಟು ಕೇಳುವವನಾಗಿ ಬಂದರೆ ಆಣೆ ಮುರಿಯುವುದಿಲ್ಲ, ಏಕೆಂದರೆ ಅಲ್ಲಿ ಅವನು ತಮ್ಮನಲ್ಲ, ಪಕ್ಷದ ಕಾರ್ಯಕರ್ತ. ಅಷ್ಟೇ ಅವನ ಲೆಕ್ಕಾಚಾರ. ಅಕ್ಕನ ಮುಖ ನೋಡಲು ಅವನಿಗೆ ಬೇರೆ ದಾರಿಯೇ ಇರಲಿಲ್ಲ. ಎಷ್ಟೋ ವರ್ಷ ಅವನು ಆ ಒಂದು ಓಣಿಗೋಸ್ಕರವೇ ಜೀಪು ಹತ್ತಿದ್ದ ಎಂದು ನನಗೆ ಈಗ ಅನಿಸುತ್ತದೆ.

ಅದೇ ಸುತ್ತಿನಲ್ಲಿ ನನ್ನ ಬದುಕಿನ ದೊಡ್ಡ ಪಾಠವೂ ಆಯಿತು. ಪಾಮನಕಲ್ಲೂರಿಗೆ ಬರುವಷ್ಟರಲ್ಲಿ ಕಾಕಾನ ಗಂಟಲು ನಿಜವಾಗಿಯೂ ಕಟ್ಟಿತು. ಹಾಂ ಎಂದರೆ ಗಾಳಿ ಮಾತ್ರ ಬರುತ್ತಿತ್ತು. ಜನ ಸೇರಿದ್ದರು. ಅವನು ಸುಮ್ಮನೆ ಮೈಕನ್ನು ನನ್ನ ಕೈಗಿಟ್ಟ. ನನಗೆ ಜೀವ ಹೋದ ಹಾಗಾಯಿತು. "ಪಾಮನಕಲ್ಲೂರಿನ..." ಎಂದವನು ಅಲ್ಲೇ ನಿಂತೆ. ಹಾರ್ನಿನಲ್ಲಿ ನನ್ನ ಉಸಿರು ಬುಸ್ ಬುಸ್ ಎಂದು ಇಡೀ ಊರಿಗೆ ಕೇಳಿಸುತ್ತಿತ್ತು. ಹುಡುಗಿಯರು ನಕ್ಕರು. ಓಡಿಹೋಗಬೇಕು ಎನಿಸಿತು. ಕಾಕಾ ನನ್ನ ಕಿವಿಯ ಹತ್ತಿರ ಬಂದು ಆ ಸತ್ತ ದನಿಯಲ್ಲಿ ಹೇಳಿದ:

"ಊರಿಗೆ ಹೇಳಾಕ ಹೋಗಬ್ಯಾಡಲೇ. ಅಲ್ಲಿ ಬಳಿ ಅಂಗಡಿ ಮುಂದ ಕುಂತ ಮುದುಕಿ ಕಾಣತಾಳಿಲ್ಲೋ, ಆಕಿ ಒಬ್ಬಾಕಿಗೆ ಹೇಳು. ಉಳದಾವ್ರು ಕೇಳಿದ್ರ ಕೇಳಲಿ."

ನಾನು ಆ ಮುದುಕಿಗೆ ಹೇಳಿದೆ. ಅವಳು ಕಿವಿ ಮುಂದೆ ಚಾಚಿ ಕೇಳಿದಳು, ತಲೆ ಆಡಿಸಿದಳು. ನನ್ನ ಮಾತು ಹೊರಟಿತು. ಈಗ ಸಿಂಧನೂರಿನ ಕಾಲೇಜಿನಲ್ಲಿ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದೇನೆ. ಹೊಸ ತರಗತಿಗೆ ಹೋದ ಮೊದಲ ದಿನ ಇವತ್ತಿಗೂ ಒಬ್ಬರನ್ನು ಹುಡುಕಿಕೊಂಡು ಅವರಿಗಷ್ಟೇ ಹೇಳುತ್ತೇನೆ. ಎಂಥೆಂಥ ಪ್ರೊಫೆಸರುಗಳು ಕಲಿಸಿದರೂ ನನ್ನ ಬಾಯಿ ಬಿಡಿಸಿದವನು ಕಾಕಾ.

ಆಮೇಲೆ ಕ್ಷೇತ್ರಗಳ ಮರುವಿಂಗಡಣೆ ಬಂತು. ಮಸ್ಕಿಗೆ ತನ್ನದೇ ವಿಧಾನಸಭಾ ಕ್ಷೇತ್ರ ಸಿಕ್ಕಿತು, ಅಕ್ಕಪಕ್ಕದ ತಾಲೂಕುಗಳ ಹಳ್ಳಿಗಳನ್ನು ಕಿತ್ತು ಜೋಡಿಸಿ. ಊರಲ್ಲಿ ಪೇಡೆ ಹಂಚಿದರು. ಕಾಕಾ ತಾನೇ ಪುಕ್ಕಟೆಯಾಗಿ ಮೈಕು ಕಟ್ಟಿಕೊಂಡು "ಮಸ್ಕಿ ಕ್ಷೇತ್ರದ ಮಹಾಜನಗಳೇ" ಎಂದು ಇಡೀ ಊರು ಸುತ್ತಿ ಬಂದ. ಆ ಹೊಸ ಹೆಸರು ಬಾಯಲ್ಲಿ ಹೇಗೆ ಆಡುತ್ತದೆ ಎಂದು ನೋಡುವುದಕ್ಕೆ. ಅವನಿಗೆ ಗಡಿಗಳೆಂದರೆ ಮೊದಲಿನಿಂದಲೂ ನಗೆಯ ವಿಷಯ.

"ನಾ ಹುಟ್ಟಿದ್ದು ನಿಜಾಮನ ರಾಜ್ಯದಾಗ, ಸಾಲಿಗೆ ಹೋಗಿದ್ದು ಮೈಸೂರು ರಾಜ್ಯದಾಗ, ಮದಿವಿ ಆಗಿದ್ದು ಕರ್ನಾಟಕದಾಗ," ಎನ್ನುತ್ತಿದ್ದ. "ಮನಿ ಮಾತ್ರ ಅದ ಒಂದು. ಸೋರೂ ಜಾಗಾನೂ ಅದ."

ಆ ಸಲದ ವಿಧಾನಸಭೆ ಚುನಾವಣೆಯಲ್ಲಿ ಅವನನ್ನು ಸಿಂಧನೂರಿನವರು ಕರೆದೊಯ್ದಿದ್ದರು, ಹಾಗಾಗಿ ಹೊಸ ಗಡಿಯ ಬಿಸಿ ತಟ್ಟಲಿಲ್ಲ. ಪಾರ್ಲಿಮೆಂಟ್ ಚುನಾವಣೆ ಬಂದಾಗ ತಟ್ಟಿತು. ಮಸ್ಕಿಯ ಕಚೇರಿಯಲ್ಲಿ ಪ್ರಚಾರದ ಉಸ್ತುವಾರಿಯ ಮುಖಂಡರೊಬ್ಬರು ಯಾವ ಜೀಪು ಎಲ್ಲಿಗೆ ಎಂದು ಹಂಚುತ್ತಿದ್ದರು. ನಮ್ಮ ಜೀಪಿಗೆ ಮಸ್ಕಿಯ ಹಳ್ಳಿಗಳು, ಆಂಧ್ರದಿಂದ ಬಂದ ರೈತರು ನೆಲೆಸಿದ ಸಿಂಧನೂರಿನ ಕಾಲುವೆಯ ಕ್ಯಾಂಪುಗಳು. ಕಾಕಾ ಕಾದು ನೋಡಿದ. ಆಮೇಲೆ ಕೇಳಿದ, "ಗುರುಗುಂಟಾ ಯಾರಿಗೆ ಕೊಟ್ರಿ?"

"ಗುರುಗುಂಟಾ ನಮಗೆಲ್ಲಿ ಬರತೈತಿ ಕಾಕಾ? ಲಿಂಗಸುಗೂರು ಪೂರಾ ರಾಯಚೂರು ಪಾರ್ಲಿಮೆಂಟಿಗೆ ಹೋತು. ನಾವು ಕೊಪ್ಪಳದಾಗ ಉಳದೀವಿ."

"ಜಿಲ್ಲಾ ನಮ್ಮದೂ ರಾಯಚೂರ ಅಲ್ರೀ?"

"ಜಿಲ್ಲಾ ಬ್ಯಾರೆ, ಪಾರ್ಲಿಮೆಂಟ ಬ್ಯಾರೆ. ಹೋಗು, ಹಾರ್ನು ಕಟ್ಟಸು."

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಲವಂಗ ಅಗಿಯುತ್ತ ಬಂದ. ಮರುದಿನದಿಂದ ಕ್ಯಾಂಪುಗಳಲ್ಲಿ ಚೆನ್ನಾಗಿಯೇ ಕೂಗಿದ, ತೆಲುಗಿನವರಿಗೆ ತೆಲುಗಿನಲ್ಲೂ ನಾಲ್ಕು ಮಾತು ಹೇಳಿ ನಗಿಸಿದ. ಆದರೆ ಉಣ್ಣಲು ಕೂತಾಗ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಿರುತ್ತಿದ್ದ. ಎಲ್ಲೋ ಕೂತವರು ಗೆರೆ ಎಳೆದರು, ಇವನ ಅಕ್ಕ ಆಚೆಗೆ ಹೋದಳು. ಇನ್ನು ಯಾವ ನೆಪ ಹೇಳಿ ಆ ನೀಲಿ ಬಾಗಿಲಿನ ಮುಂದೆ ನಿಲ್ಲುವುದು? ಅಕ್ಕನಿಗೂ ವಯಸ್ಸಾಗಿತ್ತು. ಒಂದು ದಿನ ಸುದ್ದಿ ಬಂದರೆ ಆಗ ಹೋಗುವುದು ಎಂಥ ಹೋಗುವುದು?

ಪ್ರಚಾರ ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ಜೀಪು ಹತ್ತಿದ ಕಾಕಾ "ಲಿಂಗಸುಗೂರು ಕಡೆ ಹೊಡಿ" ಎಂದ.

"ಕಾಕಾ, ಆ ಕಡೆ ನಮ್ಮದಲ್ಲ," ಎಂದೆ.

"ನನಗ ಗೊತ್ತಿಲ್ಲೇನು? ನೀ ಹೊಡಿ."

ಹೊಡೆದೆ. ಎಲ್ಲಿಗೆ ಕೊಪ್ಪಳ ಮುಗಿದು ಎಲ್ಲಿ ರಾಯಚೂರು ಶುರುವಾಯಿತೋ ನನಗೆ ತಿಳಿಯಲಿಲ್ಲ. ಅಲ್ಲಿ ಕಲ್ಲಿಲ್ಲ, ಗೇಟಿಲ್ಲ, ಅದೇ ತೊಗರಿ ಕಟ್ಟಿಗೆಯ ಬಣವೆಗಳು, ಅದೇ ಜಾಲಿ. ಕಾಕಾ ಮೈಕು ಬಂದ್ ಮಾಡಲೇ ಇಲ್ಲ. ನಮ್ಮ ಅಭ್ಯರ್ಥಿಯ ಹೆಸರನ್ನು ಅವರಿಗೆ ವೋಟೇ ಹಾಕಲಾಗದ ಊರುಗಳಲ್ಲಿ ಭಕ್ತಿಯಿಂದ ಕೂಗುತ್ತ ಹೋದ. ಲಿಂಗಸುಗೂರು ಬಸ್ ಸ್ಟ್ಯಾಂಡಿನ ಹತ್ತಿರ ಹಣ್ಣಿನ ಗಾಡಿಯವನೊಬ್ಬ ಕೈ ಅಡ್ಡ ಹಾಕಿದ.

"ಕಾಕಾ, ನೀವು ಹೇಳೂ ಹೆಸರು ನಮ್ಮ ಮಶಿನ್ನಾಗ ಇರೂದಿಲ್ರಿ!"

"ಇರದಿದ್ದರೂ ಚಿಂತೆಯಿಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ!" ಎಂದಿತು ಹಾರ್ನು. ನಾನು ನಾಚಿಕೆಯಿಂದ ಸ್ಟೇರಿಂಗಿನ ಕೆಳಗೆ ಇಳಿದುಹೋಗಿದ್ದೆ.

ಗುರುಗುಂಟಾದ ಆ ಓಣಿಗೆ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. "ನೀಲಿ ಬಾಗಿಲಿನ ಮನೆಯ ಹಿರಿಯ ತಾಯಂದಿರೇ!" ಎಂದ ಕಾಕಾ. ಬಾಗಿಲು ತೆರೆಯಿತು. ಅಕ್ಕ ಬಹಳ ಸೊರಗಿದ್ದಳು. ಚೌಕಟ್ಟು ಹಿಡಿದು ನಿಂತಳು. ಕೈಯಲ್ಲಿ ತಂಬಿಗೆ ಇರಲಿಲ್ಲ.

"ಏ ಡ್ರೈವರ," ಎಂದಳು ನನಗೆ. "ನಮ್ಮ ವೋಟು ಈಗ ರಾಯಚೂರಿಗೆ. ಇವ ಕೂಗೂ ಹೆಸರಿಗೂ ನಮಗೂ ಸಂಬಂಧ ಇಲ್ಲ. ಊರಿಗೆಲ್ಲ ಗೊತ್ತೈತಿ, ಇವಗ ಗೊತ್ತಿಲ್ಲೇನು? ಇವಗ ಇಲ್ಲಿ ಏನು ಕೆಲಸ ಐತಿ, ಕೇಳು."

ಅಂದಿನ ಹಾಗೆ ಓಣಿಯ ಜನ ಸೇರಿದ್ದರು, ಆದರೆ ಯಾರೂ ನಗಲಿಲ್ಲ. ನಾನು ಕಾಕಾನ ಕಡೆ ನೋಡಿದೆ. ಅವನು "ಸನ್ಮಾನ್ಯ ಮತದಾರ..." ಎಂದು ಎತ್ತಿಕೊಂಡ. ಅಲ್ಲೇ ನಿಂತ. ಕೇಳಲು ವೋಟೇ ಇರಲಿಲ್ಲ. ಕೈ ಚಾಚಿ ಆಂಪ್ಲಿಫೈಯರಿನ ಸ್ವಿಚ್ಚು ಆರಿಸಿದ, ಮೈಕನ್ನು ಸೀಟಿನ ಮೇಲಿಟ್ಟ, ಜೀಪಿನಿಂದ ಇಳಿದ. ಆ ಊರಿನಲ್ಲಿ ಅವನು ಇಳಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಎರಡೂ ಕೈ ಕೆಳಗೆ ಜೋತುಬಿದ್ದಿದ್ದವು. ಮೈಕಿಲ್ಲದ ಅವನ ದನಿ ಇಷ್ಟು ಸಣ್ಣದು ಎಂದು ಪಕ್ಕದ ಮನೆಯವನಾದ ನನಗೂ ಗೊತ್ತಿರಲಿಲ್ಲ.

"ಏನೂ ಕೆಲಸ ಇಲ್ಲಕ್ಕಾ," ಎಂದ. "ಸುಮ್ಕ ಬಂದೆ."

ಅಕ್ಕ ಅವನನ್ನೇ ನೋಡಿದಳು. ನನ್ನನ್ನಲ್ಲ, ಅವನನ್ನು.

"ಸುಮ್ಕ ಬಂದಿ?"

"ಹೂಂ."

"ಇಷ್ಟು ವರ್ಷ ಹಿಂಗ ಸುಮ್ಕ ಬರಾಕ ನಿನಗ ಏನ್ ರೋಗ ಬಡದಿತ್ತೋ ಭಾಡ್ಯಾ?"

ಒಳಗೆ ಹೋದಳು. ಬಾಗಿಲು ಹಾಕಿಕೊಂಡುಬಿಟ್ಟಳೇ ಎಂದು ಜೀಪಿನಿಂದ ಕತ್ತು ಚಾಚಿ ನೋಡಿದೆ. ಹೊರಗೆ ಬಂದಾಗ ಎರಡು ತಂಬಿಗೆ ಇದ್ದವು. ಒಂದನ್ನು ಅವನ ಕೈಗೆ ಕೊಟ್ಟಳು. ಇನ್ನೊಂದನ್ನು ಬಾಗಿಲ ಮುಂದಿನ ಕಲ್ಲಿನ ಮೇಲೆ ಕುಕ್ಕಿದಳು, ನೀರು ಚೆಲ್ಲುವ ಹಾಗೆ.

"ಕಾಲು ತೊಳಕೋ. ಧೂಳ ನೋಡು ಹೆಂಗ ಮೆತ್ತೈತಿ, ದನಾ ಕಾಯಾಕ ಹೋದಾವನಂಗ. ಒಳಗ ಬಾ."

ಕಾಕಾ ಬಗ್ಗಿ ಕಾಲು ತೊಳೆದುಕೊಂಡ. ಮುಗಿದರೂ ಏಳಲೇ ಇಲ್ಲ, ಖಾಲಿ ತಂಬಿಗೆ ಹಿಡಿದು ಬಗ್ಗಿಯೇ ಇದ್ದ. ಹೆಗಲು ಅಲುಗುತ್ತಿತ್ತು. ಅಕ್ಕ ಬಂದು ರಟ್ಟೆ ಹಿಡಿದು ಎಬ್ಬಿಸಿದಳು. ನನಗೂ ಅಳು ತಡೆಯಲಾಗಲಿಲ್ಲ. ಅಳುತ್ತಲೇ ನಕ್ಕೆ, ಏಕೆಂದರೆ ಆ ಮುದುಕಿ ಅಳುವ ತಮ್ಮನನ್ನು ಎಳೆದುಕೊಂಡು ಹೋಗುತ್ತಲೇ ಬೈಯುತ್ತಿದ್ದಳು: "ಗಂಡಸು ಅಂತ ಗಂಡಸು! ಮೈಕಿನ್ಯಾಗಷ್ಟ ಜೋರು."

ಒಳಗೆ ಕೂತು ಪುಂಡಿಪಲ್ಯ, ರೊಟ್ಟಿ, ಕೆನೆಮೊಸರು ಉಂಡೆವು. ಕಾಕಾನಿಗೆ ಮಧ್ಯದಲ್ಲಿ ನೆನಪಾಗಿ ಗಾಬರಿಯಾಯಿತು. "ಅಕ್ಕಾ, ನೀ ಕರಿಯೂ ಮದಲ ನಾ ಮಾತಾಡಿಬಿಟ್ಟೆ. ಅಮರಪ್ಪನ ಆಣಿ?"

"ಅಮರಪ್ಪ ನಮ್ಮೂರಾವ. ಅವಗ ನಾ ಹೇಳ್ಕೋತೀನಿ, ನೀ ಉಣ್ಣು," ಎಂದಳು ಅಕ್ಕ, ಇನ್ನೊಂದು ರೊಟ್ಟಿ ಹಾಕುತ್ತ.

ಸಂಜೆ ಮಸ್ಕಿಗೆ ಬಂದಾಗ ಸುದ್ದಿ ನಮಗಿಂತ ಮೊದಲು ಬಂದಿತ್ತು. ಮುಖಂಡರು ಕೆಂಡವಾಗಿದ್ದರು.

"ರಾಯಚೂರು ಕ್ಷೇತ್ರದಾಗ ಹೋಗಿ ನಮ್ಮ ಸಾಹೇಬ್ರ ಹೆಸರು ಕೂಗಿ ಬಂದೀಯಲ್ಲೋ ಮಾರಾಯಾ! ಊರೆಲ್ಲ ನಗಾಕತ್ತೈತಿ. ತಲಿ ನೆಟ್ಟಗೈತಿಲ್ಲೋ ನಿಂದು?"

"ಗಲ್ತಿ ಆತ್ರಿ," ಎಂದ ಕಾಕಾ ವಿನಯದಿಂದ, ಕೈ ಕಿವಿಯ ಮೇಲಿಟ್ಟು. "ಭಾಳ ವರ್ಷದ ರೂಢಿ ನೋಡ್ರಿ. ನಾ ಕಣ್ಣು ಮುಚ್ಚಿದ್ದೆ. ಈ ಹುಡುಗ ಜೀಪು ಆ ಕಡೆ ತಿರಿವ್ಯಾನ."

ನಾನು ಬಾಯಿ ತೆರೆದು ಅವನನ್ನೇ ನೋಡಿದೆ. ಅವನು ನನಗೆ ಕಣ್ಣು ಹೊಡೆದ. ಆ ಕ್ಷಣದಲ್ಲಿ ಅವನಷ್ಟು ಸುಖಿ ಮನುಷ್ಯ ಇಡೀ ಕೊಪ್ಪಳ ಕ್ಷೇತ್ರದಲ್ಲೂ ಇರಲಿಲ್ಲ, ರಾಯಚೂರು ಕ್ಷೇತ್ರದಲ್ಲೂ ಇರಲಿಲ್ಲ. ಗೊತ್ತಿದ್ದೂ ಹೋದದ್ದು ಎಂದು ಅವನು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. ಮಸ್ಕಿಯಲ್ಲಿ ಇವತ್ತಿಗೂ ಯಾರಾದರೂ ಬೇಕೆಂದೇ ದಾರಿ ತಪ್ಪಿ ಬೀಗರ ಊರಿಗೆ ಹೋಗಿ ಉಂಡು ಬಂದರೆ ಅದನ್ನು ಕಾಕಾನ ಗಲ್ತಿ ಎನ್ನುತ್ತಾರೆ.

ಆಮೇಲಿನ ವರ್ಷಗಳು ಅವನಿಗೆ ಒಳ್ಳೆಯವು. ಚುನಾವಣೆ ಕಾಯುವ ಕೆಲಸ ತಪ್ಪಿತು. ಮನಸ್ಸಾದಾಗ ಬಸ್ಸು ಹತ್ತಿ ಗುರುಗುಂಟಾಕ್ಕೆ ಹೋಗುತ್ತಿದ್ದ. ಅಕ್ಕನೂ ಶ್ರಾವಣದಲ್ಲಿ ಬಂದು ಮಸ್ಕಿ ಮಲ್ಲಯ್ಯನ ಗುಡ್ಡ ಹತ್ತಲಾಗದೆ ಕೆಳಗೆ ಕೂತು ಕೈಮುಗಿದು, ಕಾಕಾನ ಮನೆಯಲ್ಲಿ ವಾರಗಟ್ಟಲೆ ಇರುತ್ತಿದ್ದಳು. ಇಬ್ಬರೂ ಹೋಳಿಗೆಗೆ ಬೆಲ್ಲ ಎಷ್ಟು ಎಂದು ಜಗಳಾಡುವುದು ಗೋಡೆಯಾಚೆ ನಮಗೆ ಕೇಳುತ್ತಿತ್ತು. ಆ ಜಗಳ ಕೇಳಿದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂಥರಾ ಹಿತವಾಗುತ್ತಿತ್ತು. ಕಾಕಾನ ಮಗಳು ಬಂದಾಗ ಸೋದರತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಮಸ್ಕಿ ತಾಲೂಕೂ ಆಯಿತು. "ಮುದುಕ ಆದಮ್ಯಾಲೆ ಮತ್ತೊಂದು ತಾಲೂಕಿನಾವ ಆದೆ ನೋಡು," ಎಂದು ಕಾಕಾ ನಕ್ಕ.

ಮೈಕಿನ ಕೆಲಸ ಕಡಿಮೆಯಾಯಿತು. ಈಗ ಆಟೋಗಳಲ್ಲಿ ಪೆನ್‌ಡ್ರೈವು ಹಾಕಿ ಬಿಡುತ್ತಾರೆ, ಬೆಂಗಳೂರಿನ ಯಾವುದೋ ದನಿ ನಮ್ಮ ಓಣಿಯಲ್ಲಿ ಕಿರುಚುತ್ತದೆ. ಕಾಕಾನಿಗೆ ಅದರ ಮೇಲೆ ಹೊಟ್ಟೆಕಿಚ್ಚು ಇರಲಿಲ್ಲ. ಒಂದೇ ತಕರಾರು ಇತ್ತು. "ಅದು ಹೆಣದ ಮನಿ ಮುಂದ ಬಂದ್ ಆಗಂಗಿಲ್ಲೋ," ಎನ್ನುತ್ತಿದ್ದ.

ಒಂದು ಬೇಸಿಗೆಯ ಮಧ್ಯಾಹ್ನ ಉಂಡು ಮಗ್ಗುಲಾದವನು ಏಳಲಿಲ್ಲ. ನೋವಿಲ್ಲದೆ ಹೋದ. ನಾನು ಸಿಂಧನೂರಿನಿಂದ ಬರುವಷ್ಟರಲ್ಲಿ ಮಗಳು ಬಂದು ತಲೆಯ ಹತ್ತಿರ ಕೂತಿದ್ದಳು. ಊರಿಗೆ ಹೇಳಬೇಕಲ್ಲ, ಯಾರು ಹೇಳುವುದು ಎಂದು ಮಾತು ಬಂತು. ಇಷ್ಟು ದಿನ ಊರಿನ ಸಾವುಗಳನ್ನೆಲ್ಲ ಹೇಳಿದವನೇ ಅಲ್ಲಿ ಮಲಗಿದ್ದ. ನಾನು ಎದ್ದು ಮೈಕು ತೆಗೆದುಕೊಂಡೆ. ಮಸ್ಕಿಯ ಓಣಿ ಓಣಿ ಸುತ್ತಿ ಅವನು ಹೋದ ಎಂದು ಕೂಗಿದೆ. ದನಿ ಒಡೆಯಿತು, ಆದರೆ ಒಂದು ಮಾತೂ ತಡವರಿಸಲಿಲ್ಲ. ಅಷ್ಟನ್ನು ನಾನು ಅವನಿಗೆ ಮಾಡಿದೆ. ಅವನು ಮಾಡಿದ್ದರ ಮುಂದೆ ಅದು ಏನೇನೂ ಅಲ್ಲ.

ಅಕ್ಕ ಮೊಮ್ಮಗನ ಹೆಗಲು ಹಿಡಿದು ಬಂದಳು. ಅವಳು ಬಂದ ಮೇಲೆಯೇ ಮಣ್ಣು ಮಾಡಿದೆವು.

ಮೊನ್ನೆಯ ಪಾರ್ಲಿಮೆಂಟ್ ಚುನಾವಣೆಯ ವೇಳೆ ಲಿಂಗಸುಗೂರಿನಲ್ಲಿ ಕೆಲಸವಿತ್ತು. ಮುಗಿಸಿ, ಮೋಟಾರು ಸೈಕಲ್ಲನ್ನು ಗುರುಗುಂಟಾದ ಕಡೆ ತಿರುಗಿಸಿದೆ. ಅಕ್ಕ ಹೊರಸು ಮಂಚದ ಮೇಲೆ ಕೂತಿದ್ದಳು. ಕಣ್ಣು ಮಂಜಾಗಿವೆ, ಮಾತಿನ ಚೂಪು ಹಾಗೇ ಇದೆ. ಸೊಸೆಗೆ ಹೇಳಿ ನನ್ನ ಕಾಲಿಗೆ ನೀರು ಕೊಡಿಸಿದಳು. ಹೊರಗೆ ಒಂದು ಆಟೋ ಕಿರುಚುತ್ತ ಹೋಯಿತು. ಅದು ದೂರವಾದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಈ ಪಾರ್ಲಿಮೆಂಟಿನ ಗೆರಿ ಎಳೀತಾರಲ್ಲಪಾ, ಅದನ್ನ ಎಳಿಯಾವ್ರು ಯಾರು?" ಎಂದು ಕೇಳಿದಳು.

ದೆಹಲಿಯಲ್ಲಿ ಅದಕ್ಕೊಂದು ಆಯೋಗ ಇರುತ್ತದೆ ಎಂದು ನನಗೆ ತಿಳಿದಷ್ಟು ಹೇಳಿದೆ.

"ಲಗೂನ ಎಳೀಬೇಕಿತ್ತಪಾ ಅವರು," ಎಂದಳು. "ಭಾಳ ತಡಾ ಮಾಡಿದ್ರು. ಅವ ನನ್ನ ಮನ್ಯಾಗ ಕುಂತು ಉಂಡದ್ದು ಭಾಳ ಕಮ್ಮಿ ಆತು."